ಹಾಸಿಗೆಗೆ ಮುಂಚೆ ದೀಕ್ಷಾಸ್ನಾನವಂತೆ

ಇಲ್ಲ ಕಣೇ ಗ್ರೇಸಿ, ಆ ವಾರ ನೆನೆಸ್ಕೊಂಡ್ರೆ ಈಗ್ಲೂ ನನ್ನ ಮೈ ಉರೀತದೆ. ನಿಮ್ಮಜ್ಜಿ ಚರ್ಚಿನ ಮಿಷನ್ ಕೆಲಸ ಬಿಟ್ಟುಬಿಟ್ಲು ಅಂತಾರೆ ಜನ. ನಾನು ಬಿಟ್ಟಿದ್ದಲ್ಲಪ್ಪ, ಬಿಡಿಸಿದ್ದು. ಕೊರೋನಾ ಮುಗಿದ ಮಾರನೇ ವರ್ಷ, ಅಲ್ಲ ಅಲ್ಲ, ಅದರ ಮುಂದಿನ ವರ್ಷ ಇರ್ಬೇಕು, ಹೋಗ್ಲಿ ಬಿಡು, ಗೌರಿಬಿದನೂರಲ್ಲಿ ನಮ್ಮ ಸೇವಾ ವಾರ. ಅಂದ್ರೆ ಏನು ಗೊತ್ತಾ, ಬೆಳಿಗ್ಗೆ ಎಲ್ಲಾರೂ ಕೂತು ಬೈಬಲ್ ಓದೋದು, ಪಾಠ ಕೇಳೋದು, ಊಟ ಆದ್ಮೇಲೆ ಹಳ್ಳಿಗಳಿಗೆ ಹೋಗಿ ಕಾಯಿಲೆಯೋರನ್ನ ನೋಡೋದು. ಪಾಠ ಮಾಡೋಕೆ ಬೆಂಗಳೂರಿಂದ ಒಬ್ರು ದೊಡ್ಡ ಪಾಸ್ಟರು ಬಂದಿದ್ರು, ನಮ್ಮ ಮಿಷನ್ ಸಂಘಕ್ಕೂ ಅವ್ರೇ ಯಜಮಾನ್ರು.

ವಿದುರಾಶ್ವತ್ಥದ ಕಡೆ ಒಂದು ಹಳ್ಳೀಲಿ ನರಸಮ್ಮ ಅಂತ, ಸೊಂಟ ಮುರ್ಕೊಂಡು ಮಲಗಿದ್ಲು ಪಾಪ. ಸೊಸೆ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ ಹತ್ತಿದ್ರೆ ಬರೋದು ಕತ್ತಲಾದ್ಮೇಲೆ, ಅವಳನ್ನೇನು ಅನ್ನೋಣ, ಮನೆ ನಡೀಬೇಕಲ್ಲ. ಮುದುಕಿ ಬೆನ್ನೆಲ್ಲ ಹುಣ್ಣು. ನಾನು ಹೋಗಿ ತೊಳ್ದು ಬರ್ತಿದ್ದೆ. ನಮ್ಮ ಸಂಘದ ರೂಮಲ್ಲಿ ಗಾಳಿ ತುಂಬೋ ಹಾಸಿಗೆ ಒಂದು ಸುಮ್ನೆ ಬಿದ್ದಿತ್ತು. ಅದನ್ನ ಕೊಡಿ ಅಂತ ಪಾಸ್ಟರನ್ನ ಕೇಳ್ದೆ.

"ಕೊಡಣ ಸಿಸ್ಟರ್. ಮೊದ್ಲು ಆಕೆಗೆ ದೀಕ್ಷಾಸ್ನಾನ ಆಗ್ಲಿ, ನಮ್ಮ ಮತಕ್ಕೆ ಸೇರ್ಲಿ, ಭಾನುವಾರಕ್ಕೆ ತಯಾರು ಮಾಡಿ."

"ಅಯ್ಯನೋರೇ, ಎದ್ದು ಕೂರಕ್ಕಾಗಲ್ಲ ಆಕೆಗೆ!"

"ಮನಸ್ಸಿದ್ರೆ ಎಲ್ಲಾ ಆಗ್ತದೆ."

ಹಿಂಗೇ ಅಂದ್ರು ಕಣಪ್ಪಾ, ಹಲ್ಲು ಬಿಟ್ಕೊಂಡು. ಅವತ್ತು ಬೆಳಿಗ್ಗೆ ಪಾಠ ಯಾವ್ದು ಗೊತ್ತಾ? ಸ್ವಾಮಿ ಶಿಷ್ಯರ ಕಾಲು ತೊಳೆದಿದ್ದು! ನನಗೆ ಬಂತು ನೋಡು ಸಿಟ್ಟು. ಹಾಸಿಗೆ ಮಡಚಿ ಆಟೋಲಿ ಹಾಕ್ಕೊಂಡು ಹೊರಟೇಬಿಟ್ಟೆ.

ಅಲ್ಲಿ ಊರಬಾಗ್ಲಲ್ಲಿ ಇನ್ನೊಂದು ಕಾಟ. ನಾಕೈದು ಜನ ಗಂಡಸರು ಆಟೋಗೆ ಅಡ್ಡ ನಿಂತ್ರು. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡ್ತವ್ನೆ. "ಏನಮ್ಮಾ, ಹಾಸಿಗೆ ಕೊಟ್ಟು ಮತ ಬದಲಾಯಿಸ್ತೀಯಾ?" ಅಂತಾನೆ. ಅಲ್ಲಾ, ಅಲ್ಲಿ ಅವ್ರು ಹಂಗೆ, ಇಲ್ಲಿ ಇವ್ರು ಹಿಂಗೆ!

"ನರಸಮ್ಮ ನಿಮ್ಮೂರೋಳೇ ತಾನೇ? ಬೆನ್ನಲ್ಲಿ ಕೀವು ಸುರೀತೈತೆ. ಒಬ್ಬನಾದ್ರೂ ಹೋಗಿ ನೋಡಿದ್ದೀರೇನ್ರೋ? ತಗೋ ಬಟ್ಟೆ, ತಗೋ ಡೆಟ್ಟಾಲು, ನೀನೇ ತೊಳಿ ಬಾ, ನಾನು ಈಗ್ಲೇ ವಾಪಸ್ ಹೋಗ್ತೀನಿ" ಅಂದೆ. ವಿಡಿಯೋದವನು ನರಸಮ್ಮನ ಮನೆ ಬಾಗ್ಲವರೆಗೂ ಬಂದ. ವಾಸನೆ ಬಡೀತು, ಮೂಗು ಮುಚ್ಕೊಂಡು ಹೋದ. ಉಳಿದೋರೂ ಹೋದ್ರು. ಎದುರು ಮನೆ ಖೈರುನ್ನೀಸಾ, ಅಂಗಡಿ ಇಟ್ಟಿದ್ಲು, ಅವಳು ಅಂಗಡಿ ಹಂಗೇ ಬಿಟ್ಟು ಓಡಿ ಬಂದ್ಲು. ಇಬ್ರೂ ಸೇರಿ ತೊಳ್ದು, ಮುಲಾಮು ಹಚ್ಚಿ, ಹಾಸಿಗೆ ಮೇಲೆ ಮಲಗಿಸಿದ್ವಿ. ಆ ಮುದುಕಿ ತೆಲುಗಲ್ಲಿ, "ಇಪ್ಪುಡು ಮಂಟ ಲೇದಮ್ಮಾ" ಅಂತು, ಈಗ ಉರಿ ಇಲ್ಲ ಅಂತ. ಆಮೇಲೆ ಹೆದರ್ಕೊಂಡು ನನ್ನ ಕೈ ಹಿಡ್ಕೊಂಡು, "ನಾನೀಗ ನಿಮ್ಮ ದೇವರಿಗೆ ಕೈ ಮುಗೀಬೇಕಾಮ್ಮಾ?" ಅಂತ ಕೇಳ್ತು.

"ಯಾರಿಗಾದ್ರೂ ಮುಗಿಯಮ್ಮ. ಈಗ ಒಂಚೂರು ಪಕ್ಕಕ್ಕೆ ಹೊರಳು" ಅಂದೆ. ಕಣ್ಣಲ್ಲಿ ನೀರು ಬಂತು ನನಗೆ. ಅಳು ಅಲ್ಲ ಕಣೇ, ಸಿಟ್ಟು. ನೋವಲ್ಲಿರೋ ಜೀವದ ಬಾಯಲ್ಲಿ ಅಂಥ ಮಾತು ತರಿಸ್ತಾರಲ್ಲ!

ಶನಿವಾರ ಎಲ್ಲಾರ ಮುಂದೆ ಪಾಸ್ಟರು ನನ್ನ ನಿಲ್ಲಿಸಿದ್ರು. "ಸಂಘದ ವಸ್ತು ಕೇಳದೇನೇ ತಗೊಂಡು ಹೋಗಿದ್ದೀರಿ. ಸೋಮವಾರದಿಂದ ಬರೋದು ಬೇಡ."

"ಕೇಳಿದ್ದೆ ಅಯ್ಯನೋರೇ, ನೀವು ಕೊಡ್ಲಿಲ್ಲ. ಕಾಲು ತೊಳೆಯೋಕೆ ಮುಂಚೆ ಸ್ವಾಮಿ ಶಿಷ್ಯರಿಗೆ ಷರತ್ತು ಹಾಕಿದ್ರಾ?"

ಆ ಪಾಸ್ಟರು ಹೊರಗಿನೋರು, ಬಿಡು. ಎಷ್ಟೋ ವರ್ಷ ನನ್ನ ಜೊತೆ ಒಂದೇ ಪಂಕ್ತೀಲಿ ಉಂಡೋರು, ನಾನು ಹೆರಿಗೆ ಬಾಣಂತನ ನೋಡಿದ ಹೆಣ್ಣುಮಕ್ಕಳು, ಒಬ್ರೂ ತಲೆ ಎತ್ಲಿಲ್ಲ! ಅದನ್ನ ಮಾತ್ರ ನನಗೆ ಇವತ್ತಿಗೂ ಕ್ಷಮಿಸೋಕೆ ಆಗಿಲ್ಲ. ಪ್ರಾರ್ಥನೆ ಮಾಡ್ತೀನಿ, ಆದ್ರೂ ಆಗಲ್ಲ.

ನರಸಮ್ಮನ ಹುಣ್ಣು ಮೆಲ್ಲಗೆ ಒಣಗ್ತು. ನಾನೂ ಖೈರುನ್ನೀಸಾನೂ ಬಿಡ್ಲಿಲ್ಲ, ದಿನ ಬಿಟ್ಟು ದಿನ. ಸಂಕ್ರಾಂತಿ ಆದ್ಮೇಲೆ ಹೋದ್ಲು ಮುದುಕಿ, ಅವ್ರ ಪದ್ಧತೀಲೇ ಮಣ್ಣು ಮಾಡಿದ್ರು. ನಾನು ಒಂದು ಹಿಡಿ ಮಣ್ಣು ಹಾಕ್ದೆ, ಯಾರೂ ಬೇಡ ಅನ್ಲಿಲ್ಲ.

ಪಕ್ಕದ ಮನೇಲಿ ಯಾರಾದ್ರೂ ಮಲಗಿದ್ರೆ ಮೊದ್ಲು ಬಿಸಿನೀರು ಕಾಯಿಸ್ರಪ್ಪಾ, ದೇವರ ವಿಷಯ ಆಮೇಲೆ ಮಾತಾಡಣ. ಏಳ್ರಿ ಮಕ್ಳಾ, ಊಟಕ್ಕೆ ತಟ್ಟೆ ಹಾಕ್ರಿ.