ಹೊರಗಿನ ಚಿಲಕ

ನಂಬುವುದಾದರೆ ನಂಬಿ. ಒಂದೇ ಸಲ ಹೇಳುತ್ತೇನೆ.

ನನ್ನ ಚಿಕ್ಕಪ್ಪನ ಮಗ ಬಡಗಿ. ಆ ದಿನ ಕತ್ತಲಾದ ಮೇಲೆ ಹಳೇ ತೋಟದ ಬಾವಿ ದಾಟಿ ಮನೆಗೆ ಬರುತ್ತಿದ್ದ. ಹಿಂದೆ ಸದ್ದು. ಟಕ್... ಸ್ವಲ್ಪ ಬಿಟ್ಟು, ಟಕ್... ಕಬ್ಬಿಣದ ಮೇಲೆ ಕಬ್ಬಿಣ. ಬೆಳಿಗ್ಗೆ ಆ ತೋಟದಲ್ಲಿ ತಾನೇ ಎಣ್ಣೆ ಬಿಟ್ಟ ಚಿಲಕಗಳು. ಸಾಲಾಗಿ ಬೀಳುತ್ತಿವೆ.

ತೋಟದ ವಿಷಯ ಹೇಳಬೇಕು. ನಮ್ಮಜ್ಜಿಯ ಕಾಲದಲ್ಲಿ ಅದು ಹೊಳೆ ದಂಡೆಯ ಕಬ್ಬಿನ ತೋಟ. ಆಳುಗಳಿಗೆ ಉದ್ದಕ್ಕೆ ಒಂದು ಸಾಲು ಕೋಣೆ. ಕಿಟಕಿ ಇಲ್ಲ. ಚಿಲಕ ಹೊರಗೆ ಮಾತ್ರ. ಸಂಜೆ ಮೇಸ್ತ್ರಿ ಕೋಲು ಹಿಡಿದು, ನಡೆಯುತ್ತಲೇ ಒಂದೊಂದು ಚಿಲಕ ಬೀಳಿಸುತ್ತ ಹೋಗುವನು. ಯಾರೂ ಓಡಿಹೋಗಬಾರದಲ್ಲ. ಒಂದು ರಾತ್ರಿ ಹೊಳೆ ಏರಿತು. ಸಾಹುಕಾರ ದೋಣಿ ಹತ್ತಿದ. ಮೇಸ್ತ್ರಿಯೂ ಹತ್ತಿದ. ಚಿಲಕ ಎತ್ತಲು ಯಾರೂ ಉಳಿಯಲಿಲ್ಲ. ನಮ್ಮಜ್ಜಿಗೆ ಅಂದು ಕಬ್ಬಿನ ಹಾಲು ಕುದಿಸುವ ಒಲೆ ಮನೆಯಲ್ಲಿ ಪಾಳಿ. ಅಟ್ಟ ಹತ್ತಿ ಬದುಕಿದಳು. ಅವಳ ಅಕ್ಕ ಕೋಣೆಯಲ್ಲಿದ್ದಳು.

ಈಗ ಸಾಹುಕಾರನ ಮೊಮ್ಮಗ ಆ ಸಾಲನ್ನು ದುರಸ್ತಿ ಮಾಡಿ ಪ್ರವಾಸಿಗಳಿಗೆ ಬಾಡಿಗೆ ಕೊಡಲು ಹೊರಟ. ಕೇಳಿದವರಿಗೆ, ಇದು ಗೋದಾಮಾಗಿತ್ತು, ಇಲ್ಲಿ ಸೊಳ್ಳೆ ಬಿಟ್ಟರೆ ಯಾರೂ ಸತ್ತಿಲ್ಲ ಎನ್ನುವನು. ಹೊರಗಿನ ಚಿಲಕ ಕಿತ್ತುಬಿಡೋಣವೇ ಎಂದು, ಮರಗೆಲಸ ಹಿಡಿದಿದ್ದ ನಮ್ಮ ತಮ್ಮ ಕೇಳಿದ. ಬೇಡ, ಹಳೇದು ಕಂಡರೆ ಬಂದವರಿಗೆ ಖುಷಿ ಎಂದ ಅವನು.

"ಬೀಳದ ಹಾಗೆ ಒಂದು ಮೊಳೆನಾದ್ರೂ ಹೊಡೀತೀನಿ."

"ನಿನ್ನ ತಲೆಗೆ ಹೊಡ್ಕೊ. ಬಿದ್ರೇನೇ ಚಂದ."

ಸತ್ತವರು ಇನ್ನೂ ಅಲ್ಲೇ ಇದ್ದಾರೆ ಎಂದು ಕೆಲಸದವರು ಗುಸುಗುಸು ಮಾತಾಡುತ್ತಿದ್ದರು. ನಾನೇ ಮಲಗಿ ತೋರಿಸುತ್ತೇನೆ ಎಂದು ಅವನು ಕೊನೆಯ ಕೋಣೆಯಲ್ಲಿ ಮಂಚ ಹಾಕಿಸಿದ. ಅದು ಆ ದಿನವೇ.

ತಮ್ಮ ತಿರುಗಿ ಓಡಿದ. ಸಾಲಿನ ಮುಂದೆ ಯಾರೂ ಇಲ್ಲ. ಚಿಲಕಗಳೆಲ್ಲ ಬಿದ್ದಿವೆ. ಕೊನೆಯ ಬಾಗಿಲನ್ನು ಒಳಗಿನಿಂದ ಅಂಗೈಯಲ್ಲಿ ಬಡಿಯುವ ಸದ್ದು. ಧಪ್... ಧಪ್... ಸಾಹುಕಾರನ ಮೊಮ್ಮಗ, ಯಾರನ್ನೂ ನೀವು ಎಂದು ಕರೆಯದ ಮನುಷ್ಯ.

"ಯಾರಿದ್ದೀರಿ... ದಮ್ಮಯ್ಯ, ತೆಗೀರಿ... ನೀರು ಎದೆಗೆ ಬಂತು..."

ಬೇಸಿಗೆ. ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ.

ಎಂಥವನಾದರೂ ಜೀವ ಜೀವವೇ. ತಮ್ಮ ಚಿಲಕಕ್ಕೆ ಕೈ ಹಾಕಿದ. ಅವನ ಕೈ ಮೇಲೆ ಇನ್ನೊಂದು ಕೈ ಬಿತ್ತು. ಒದ್ದೆ ಕೈ. ಅದರ ಮೇಲೆ ಮತ್ತೊಂದು. ಮತ್ತೆಷ್ಟೋ... ಎಲ್ಲ ಕೆಳಕ್ಕೆ ಒತ್ತುತ್ತಿವೆ. ಕಿವಿಯ ಹತ್ತಿರ ಹುಡುಗಿಯ ದನಿ.

"ಯಾರ ಪೈಕಿ?"

"ಒಲೆ ಮನೇಲಿದ್ದವಳ ಮೊಮ್ಮಗ."



"ತಂಗಿ ಮೊಮ್ಮಗನಾ... ಮನೆಗೆ ಹೋಗು ಮಗಾ. ನಮಗಿನ್ನೂ ಕೆಲಸ ಇದೆ."

ಅವನು ಹೋಗಲಿಲ್ಲ. ಭುಜ ಕೊಟ್ಟು ಎತ್ತಿದ. ಬಾಗಿಲಿಗೆ ಒದ್ದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗೆ ಬಡಿತ ನಿಧಾನವಾಯಿತು. ಆಮೇಲೆ ಗುಳ್... ಗುಳ್... ಆಮೇಲೆ ಅದೂ ಇಲ್ಲ.

ನನ್ನ ಬಾಗಿಲಿಗೆ ಬಂದು, ಅಣ್ಣಾ ಎಂದು ಕೈ ಹಿಡಿದು ಎಳೆದ. ಇಬ್ಬರೂ ಹೋದೆವು. ಆ ಚಿಲಕವನ್ನು ನಾನು ಒಂದೇ ಬೆರಳಲ್ಲಿ ಎತ್ತಿದೆ.

ನೆಲ ಒಣಗಿತ್ತು. ಹಾಸಿಗೆಯೂ. ಅವನು ಬಾಗಿಲ ಹಿಂದೆ ಬಿದ್ದಿದ್ದ. ಎದೆ ತುಂಬ ನೀರು ಎಂದರು ಡಾಕ್ಟರು ಮಾರನೇ ದಿನ. ಎಲ್ಲಿಯ ನೀರು ಎಂದು ನನ್ನನ್ನೇ ಕೇಳಿದರು. 

ಒಂದು ಮಾತ್ರ ನನ್ನ ಕಣ್ಣಾರೆ ಕಂಡದ್ದು. ಅವನನ್ನು ಎತ್ತುವಾಗ ಅಂಗಿಯ ಜೇಬು ಮಿಸುಕಿತು. ಬೆರಳುದ್ದದ ಮೀನು. ಬಾಲ ಬಡಿಯುತ್ತಿತ್ತು. ನಾನೇ ಒಯ್ದು ಹೊಳೆಗೆ ಬಿಟ್ಟೆ. ಈ ಕೈಯಲ್ಲೇ.