ನೆತ್ತಿಗೆ ಹಚ್ಚಿದ ಹರಳೆಣ್ಣೆ

ಕೂಡ್ಲಿಗಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸುಮಲತಾ ತನ್ನ ಕೂಸನ್ನು ತಟ್ಟುತ್ತ ಪಕ್ಕದ ಮಂಚದತ್ತಲೇ ಕಿವಿಯಿಟ್ಟಿದ್ದಳು. ಹಸುಳೆಗಳ ಫಿಟ್ಸ್ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರ್ ಕೋಮಲಾ ಮಿದುಳಿನ ಪರೀಕ್ಷೆಗೆಂದು ಅಲ್ಲಿ ಮಾಳಮ್ಮನ ಮೊಮ್ಮಗಳ ತಲೆಗೆ ಅಂಟಿಸಿದ ತಂತಿಗಳೆಲ್ಲ ಜಾರಿ ಬೀಳುತ್ತಿದ್ದವು.

“ನೆತ್ತಿಗೆ ಹರಳೆಣ್ಣಿ ಹಚ್ಚೀರೇನಮ್ಮ?”

“ಒಂದ್ ಚೂರು. ನೆತ್ತಿ ಒಣಗಿದ್ರ ಕೂಸು ತಡೀತೈತೇನ್ರಿ?”

“ಎಣ್ಣಿ ಇದ್ರ ತಂತಿ ಹಿಡಿಯಂಗಿಲ್ರಿ. ಫಿಟ್ಸ್ ಯಾಕ ಬರ್ತಾವಂತ ತಿಳಿಯಂಗಿಲ್ಲ.”

“ಸೊಸಿ ಬ್ಯಾಡಂತ ಹೇಳೇ ಔಷಧಿ ತರಾಕ ಹೋಗ್ಯಾಳ. ಗೊತ್ತಾದ್ರ ಇನ್ನ ಕೂಸಿನ್ನ ಮುಟ್ಟಗೊಡಂಗಿಲ್ಲ.”

“ಬರ್ರಿ, ಬಿಸಿನೀರಾಗ ತೊಳಿಯೋಣು. ನಮ್ಮವ್ವನೂ ನನ್ನ ಮಗಗ ಹಿಂಗ ಕದ್ದು ಹಚ್ಚತಿದ್ಲು.”

ಇಬ್ಬರೂ ಕೂಸನ್ನೆತ್ತಿಕೊಂಡು ಹೊರನಡೆದರು. ಅಷ್ಟರಲ್ಲಿ ಬಂದ ಸೊಸೆ, ಬರಿದಾದ ಮಂಚ ಕಂಡು ಗಾಬರಿಯಾದಳು.

“ನಮ್ಮತ್ತಿ ಎಲ್ಲಿ ಅಕ್ಕಾ?”

“ಡಾಕ್ಟರು ಕೂಸಿನ ತಲಿ ತೊಳ್ಯಾಕ ಕರ್ಕೊಂಡು ಹೋದ್ರವ್ವ. ಮಷೀನಿಗೆ ಹಂಗ ಬೇಕಂತ” ಎಂದಳು ಸುಮಲತಾ. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.