ಮೋಡದವನೂ ಜಗಳದವಳೂ

ಥೀಸಿಸ್ ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ಫೋನ್ ಒತ್ತುತ್ತಿದ್ದ ಹುಡುಗಿಯ ಕಿವಿಯೆಲ್ಲ ಮುಂದಿದ್ದ ಇಬ್ಬರ ಮೇಲೇ. ಅವನು ಮೋಡಗಳ ಸಂಶೋಧಕ. ಅವಳು ಅಕ್ಕಪಕ್ಕದ ಮನೆಯವರ ಜಗಳಗಳ ಸಂಶೋಧಕಿ.

"ಸೋಮವಾರ ಬೆಟ್ಟಕ್ಕೆ ಹೊರಡ್ತೀನಿ. ಇನ್ನೆರಡು ವರ್ಷ ಮೋಡದೊಳಗೇ ವಾಸ."

"ಕಿಟಕಿ ತೆಗೆದ್ರೆ ಒಳಗೆ ಬರುತ್ತಾ?"

"ಬಂದು ಹಾಸಿಗೆ ಮೇಲೆ ಕೂರುತ್ತೆ. ಎದುರಿಗಿರೋರ ಮುಖಾನೂ ಕಾಣಲ್ಲ. ನೀವೂ ಬಂದ್ಬಿಡಿ, ಮದುವೆ ಆಗೋಣ."

ಹುಡುಗಿಯ ಬೆರಳು ಫೋನಿನ ಮೇಲೇ ನಿಂತುಹೋಯಿತು.

"ಅಕ್ಕಪಕ್ಕ ಮನೆ ಇದ್ಯಾ?"

"ಒಂದೂ ಇಲ್ಲ."

"ಜಗಳಾನೇ ಇಲ್ದಿರೋ ಕಡೆ ನನಗೇನ್ರೀ ಕೆಲಸ?"

"ನಾನಾಡ್ತೀನಿ."

"ನೀವಾ? ಬೈದ್ರೂ ಥ್ಯಾಂಕ್ಸ್ ಅಂತೀರಾ!"

"ಕಲಿಸಿಕೊಡಿ."

ಅವಳು ತನ್ನ ದಪ್ಪ ಥೀಸಿಸ್ ಅವನ ಕೈಗಿಟ್ಟಳು. "ಭಾನುವಾರದೊಳಗೆ ಪೂರ್ತಿ ಓದಿ."

"ಇಷ್ಟು ದಪ್ಪದ್ದನ್ನಾ? ತಲೆ ಕೆಟ್ಟಿದ್ಯಾ ನಿಮಗೆ? ಆಗಲ್ಲ ಹೋಗ್ರೀ!"

"ಅಬ್ಬಾ, ಪಾಸಾದ್ರಿ! ಬನ್ನಿ, ಅಮ್ಮನಿಗೆ ಹೇಳೋಣ."

ಇಬ್ಬರೂ ತೇಲಿದಂತೆ ಬೀದಿಗಿಳಿದರು.